ಫಲಕದ ಮೇಲಿನ ಮೂರು ಗುರುತುಗಳು: ದೇಶ, ರಾಜ್ಯ, ಕಚೇರಿ

ಪ್ರಶ್ನೆ: ನಾವು ಚಿಂತಾಮಣಿಯವರು. ತಂದೆಯವರ ಹಳೆಯ ಸ್ಕೂಟರಿನ ಸಂಖ್ಯೆ ಕೆಎ-07ರಿಂದಲೂ ನನ್ನ ಕಾರಿನದು ಕೆಎ-40ರಿಂದಲೂ ತಮ್ಮನ ಹೊಸ ಬೈಕಿನದು ಕೆಎ-67ರಿಂದಲೂ ಆರಂಭವಾಗುತ್ತದೆ. ನಾವು ಮನೆ ಬದಲಾಯಿಸಿಯೇ ಇಲ್ಲ. ಹೀಗಿರುವಾಗ ಮೂರು ಸಂಖ್ಯೆಗಳು ಏಕೆ? ಹಳೆಯ ಎರಡನ್ನೂ ಕೆಎ-67ಕ್ಕೆ ಬದಲಾಯಿಸಿಕೊಳ್ಳಲೇಬೇಕು ಎಂದು ಏಜೆಂಟರೊಬ್ಬರು ಹೇಳುತ್ತಿದ್ದಾರೆ, ಇದು ನಿಜವೆ? ಹೊಸ ನಂಬರ್ ಪ್ಲೇಟಿನ ಎಡಬದಿಯಲ್ಲಿ ಐಎನ್‌ಡಿ ಎಂಬ ಸಣ್ಣ ನೀಲಿ ಅಕ್ಷರಗಳಿವೆ. ಮುಂದಿನ ವರ್ಷ ಕಾರಿನಲ್ಲಿ ನೇಪಾಳಕ್ಕೆ ಹೋಗಿಬರುವ ಯೋಚನೆಯಿದೆ. ಅಲ್ಲಿಗೆ ಆ ಅಕ್ಷರಗಳು ಸಾಕೆ, ಅಥವಾ ವಿದೇಶದ ಕಾರುಗಳ ಹಿಂಬದಿಯಲ್ಲಿ ಕಾಣುವ ಅಂಡಾಕಾರದ ಸ್ಟಿಕ್ಕರ್ ಅಂಟಿಸಬೇಕೆ? ಕೊನೆಯದಾಗಿ, ಸಂಖ್ಯೆಯನ್ನು ಕನ್ನಡ ಅಂಕಿಗಳಲ್ಲಿ ಬರೆಸಬಹುದೆ?

ಉತ್ತರ: ಏಜೆಂಟರು ಹೇಳಿದ್ದನ್ನು ಮೊದಲು ಇತ್ಯರ್ಥಪಡಿಸೋಣ. ಹಳೆಯ ಎರಡು ವಾಹನಗಳ ಸಂಖ್ಯೆಯನ್ನು ಬದಲಾಯಿಸಿಕೊಳ್ಳುವ ಅಗತ್ಯ ನಿಮಗಿಲ್ಲ. ಒಂದು ರಾಜ್ಯದಲ್ಲಿ ಒಮ್ಮೆ ಕೊಟ್ಟ ನೋಂದಣಿ ಸಂಖ್ಯೆಯು ಆ ವಾಹನ ಅದೇ ರಾಜ್ಯದಲ್ಲಿ ಇರುವಷ್ಟು ಕಾಲ ಅದರೊಂದಿಗೇ ಇರುತ್ತದೆ; ಮಾಲೀಕರು ಬದಲಾದರೂ, ತಾಲ್ಲೂಕು ಬದಲಾದರೂ, ಹೊಸ ಆರ್‌ಟಿಒ ಕಚೇರಿ ಮನೆಯ ಪಕ್ಕದಲ್ಲಿಯೇ ತೆರೆದರೂ ಸಂಖ್ಯೆ ಬದಲಾಗುವುದಿಲ್ಲ. ವಾಹನದ ಸಂಖ್ಯೆ ಎಂಬುದು ಜನನ ಪ್ರಮಾಣಪತ್ರದಲ್ಲಿ ಬರೆದ ಹುಟ್ಟಿದ ಊರಿನ ಹಾಗೆ. ಆಮೇಲೆ ಎಲ್ಲಿ ಬಾಳಿದರೂ ಅದನ್ನು ತಿದ್ದುವುದಿಲ್ಲ. ನಿಮ್ಮ ಮನೆಯ ಮೂರು ವಾಹನಗಳು ಮೂರು ಬೇರೆ ಬೇರೆ ಕಾಲಘಟ್ಟಗಳಲ್ಲಿ ನೋಂದಣಿಯಾದವು, ಮತ್ತು ಆಯಾ ಕಾಲದಲ್ಲಿ ಚಿಂತಾಮಣಿಯು ಯಾವ ಕಚೇರಿಯ ವ್ಯಾಪ್ತಿಯಲ್ಲಿತ್ತೋ ಆ ಕಚೇರಿಯ ಸಂಖ್ಯೆಯನ್ನು ಪಡೆದವು ಎನ್ನುವುದಷ್ಟೇ ಇದರ ಅರ್ಥ. ಚಿಂತಾಮಣಿ ಅವಿಭಜಿತ ಕೋಲಾರ ಜಿಲ್ಲೆಯ ತಾಲ್ಲೂಕಾಗಿತ್ತು. ಕೋಲಾರ ಕಚೇರಿಯ ಸಂಖ್ಯೆ ಕೆಎ-07. ಚಿಕ್ಕಬಳ್ಳಾಪುರದ ಕಚೇರಿಗೆ ಕೆಎ-40 ಬಂದಿತು, 2007ರಲ್ಲಿ ಆ ಊರು ಪ್ರತ್ಯೇಕ ಜಿಲ್ಲೆಯ ಕೇಂದ್ರವಾಯಿತು. ಚಿಂತಾಮಣಿಗೇ ಸ್ವಂತ ಕಚೇರಿ ಆದ ಮೇಲೆ ಕೆಎ-67 ಬಂದಿತು. ಆದ್ದರಿಂದ ನಿಮ್ಮ ಅಂಗಳದಲ್ಲಿ ನಿಂತಿರುವ ಮೂರು ಗಾಡಿಗಳು ಆ ಭಾಗದ ಆಡಳಿತದ ಇತಿಹಾಸವನ್ನು ಸಾಲಾಗಿ ಹೇಳುತ್ತಿವೆ.

ಇಲ್ಲಿ ಬಹಳ ಜನ ಎಡವುವ ಒಂದು ಸೂಕ್ಷ್ಮವಿದೆ. ಕೆಎ ಎಂಬ ಅಕ್ಷರಗಳ ನಂತರ ಬರುವ ಎರಡು ಅಂಕಿಗಳನ್ನು ಜಿಲ್ಲೆಯ ಸಂಖ್ಯೆ ಎಂದು ನಾವು ಮಾತಿನಲ್ಲಿ ಕರೆಯುತ್ತೇವೆ, ಆದರೆ ಅದು ಜಿಲ್ಲೆಯ ಸಂಖ್ಯೆಯಲ್ಲ, ನೋಂದಣಿ ಮಾಡಿದ ಕಚೇರಿಯ ಸಂಖ್ಯೆ. ತುಮಕೂರು ಜಿಲ್ಲೆಯನ್ನೇ ನೋಡಿ: ತುಮಕೂರು ಕಚೇರಿಗೆ ಕೆಎ-06, ತಿಪಟೂರಿಗೆ ಕೆಎ-44, ಮಧುಗಿರಿಗೆ ಕೆಎ-64. ಒಂದೇ ಜಿಲ್ಲೆಯಲ್ಲಿ ಮೂರು ಸಂಖ್ಯೆಗಳು. ಇಂದಿನ ಕೋಲಾರ ಜಿಲ್ಲೆಯಲ್ಲಿ ಕೆಎ-07ರ ಜೊತೆಗೆ ಕೆಜಿಎಫ್‌ನ ಕೆಎ-08 ಇದೆ. ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಆದರೆ ಗಣಿಯೂರಿನ ಪ್ರಾಮುಖ್ಯದ ಕಾಲದಲ್ಲಿ ಸಿಕ್ಕ ಆ ಒಂದಂಕಿಯ ಗೌರವ ಹಾಗೆಯೇ ಉಳಿದಿದೆ. ಬೆಂಗಳೂರಿನಲ್ಲಂತೂ 01ರಿಂದ 05ರವರೆಗಿನ ಹಳೆಯ ಐದು ಸಂಖ್ಯೆಗಳ ಜೊತೆಗೆ 41, 50, 51, 53 ಮೊದಲಾದವು ಸೇರಿಕೊಂಡಿವೆ. ಸಂಖ್ಯೆಗಳು ಕಚೇರಿ ತೆರೆದ ಅನುಕ್ರಮದಲ್ಲಿ ಸಿಗುತ್ತಾ ಹೋದವೇ ಹೊರತು ಭೂಪಟದ ಅನುಕ್ರಮದಲ್ಲಿ ಅಲ್ಲ. ಹೀಗಾಗಿ ನೆರೆಹೊರೆಯ ತುಮಕೂರು ಮತ್ತು ಮಧುಗಿರಿಯ ಸಂಖ್ಯೆಗಳ ನಡುವೆ ಇಷ್ಟು ಅಂತರವಿದೆ. ಸಂಖ್ಯೆ ನೋಡಿ ಚಾಲಕರ ಊರನ್ನು ಊಹಿಸುವುದು ನಮ್ಮ ಕಡೆಯ ಬಸ್ ನಿಲ್ದಾಣಗಳಲ್ಲಿ ಹಳೆಯ ಚಟ. ಸೆಕೆಂಡ್‌ ಹ್ಯಾಂಡ್ ಕಾರುಗಳ ವ್ಯಾಪಾರ ಇಷ್ಟೊಂದು ಬೆಳೆದಿರುವ ಈ ದಿನಗಳಲ್ಲಿ ಆ ಊಹೆ ಹೆಚ್ಚಾಗಿ ತಪ್ಪುತ್ತದೆ.

ಕಚೇರಿಯ ಅಂಕಿಗಳ ನಂತರ ಬರುವ ಒಂದು ಅಥವಾ ಎರಡು ಅಕ್ಷರಗಳು ಸರಣಿಯನ್ನು ತಿಳಿಸುತ್ತವೆ. ನಾಲ್ಕು ಅಂಕಿಗಳಲ್ಲಿ 9999ರ ಆಚೆಗೆ ಹೋಗಲು ಬರುವುದಿಲ್ಲವಾದ್ದರಿಂದ ಒಂದು ಸರಣಿ ಮುಗಿದ ಕೂಡಲೇ ಮುಂದಿನ ಅಕ್ಷರ ಆರಂಭವಾಗುತ್ತದೆ. ಐ ಮತ್ತು ಓ ಅಕ್ಷರಗಳನ್ನು ಬಿಟ್ಟುಬಿಡುತ್ತಾರೆ, ಏಕೆಂದರೆ ಅವು ಒಂದು ಮತ್ತು ಸೊನ್ನೆಯೊಂದಿಗೆ ಬೆರೆತು ಗೊಂದಲ ಉಂಟುಮಾಡುತ್ತವೆ. ಕರ್ನಾಟಕದಲ್ಲಿ ಈ ಅಕ್ಷರಗಳಿಗೂ ಒಂದು ರೂಢಿಯಿದೆ: ಎಫ್ ಎಂದರೆ ರಾಜ್ಯ ಸಾರಿಗೆ ಸಂಸ್ಥೆಯ ಬಸ್ಸು, ಜಿ ಎಂದರೆ ಸರ್ಕಾರಿ ವಾಹನ, ಎಂ ಮತ್ತು ಎನ್‌ನಿಂದ ಆರಂಭವಾಗುವವು ಸಾಮಾನ್ಯವಾಗಿ ಕಾರುಗಳು, ಎ, ಬಿ, ಸಿ, ಡಿ ಸರಣಿಗಳು ಬಾಡಿಗೆಗೆ ಓಡುವ ವಾಹನಗಳು. ಚಿಂತಾಮಣಿ ಬಸ್ ನಿಲ್ದಾಣದಲ್ಲಿ ನಿಂತು ನೋಡಿದರೆ ಕೆಎ-40-ಎಫ್ ಮತ್ತು ಕೆಎ-07-ಎಫ್ ಬಸ್ಸುಗಳ ನಡುವೆ ಕೆಎ-57-ಎಫ್ ಎಂಬುದೂ ಕಾಣಿಸುತ್ತದೆ. ಅದು ಬೆಂಗಳೂರಿನಲ್ಲಿ ನೋಂದಣಿಯಾಗಿ ಇತ್ತ ಬಂದ ಬಸ್ಸು, ಅಷ್ಟೇ.

ಈ ಪದ್ಧತಿಗೆ ತೀರ ದೊಡ್ಡ ವಯಸ್ಸೇನೂ ಆಗಿಲ್ಲ. 1988ರ ಮೋಟಾರು ವಾಹನ ಕಾಯ್ದೆ 1989ರ ಜುಲೈ 1ರಂದು ಜಾರಿಗೆ ಬಂದಾಗ, ಅದರೊಂದಿಗೆ ಬಂದ ಕೇಂದ್ರ ನಿಯಮಾವಳಿ ಮತ್ತು ಅಧಿಸೂಚನೆಗಳ ಮೂಲಕ ಪ್ರತಿ ರಾಜ್ಯಕ್ಕೂ ಎರಡಕ್ಷರದ ಗುರುತು ನಿಗದಿಯಾಯಿತು. ಅದಕ್ಕೂ ಮೊದಲು ನಮ್ಮಲ್ಲಿ ಎಂವೈ ಎಂದು ಆರಂಭವಾಗುವ ಮೂರಕ್ಷರ ಮತ್ತು ನಾಲ್ಕು ಅಂಕಿಗಳ ಸಂಖ್ಯೆಗಳಿದ್ದವು. ಮೈಸೂರು ರಾಜ್ಯದ ಹೆಸರು ಆ ಅಕ್ಷರಗಳಲ್ಲಿತ್ತು. 1973ರಲ್ಲಿ ರಾಜ್ಯವು ಕರ್ನಾಟಕವಾದರೂ ಹಳೆಯ ವಾಹನಗಳ ಫಲಕಗಳಲ್ಲಿ ಮೈಸೂರು ಉಳಿದೇ ಇತ್ತು. ಇಂದಿಗೂ ಯಾರದಾದರೂ ಕೊಟ್ಟಿಗೆಯಲ್ಲಿ ಅಂಥ ಫಲಕ ಇರುವ ಹಳೆಯ ಜೀಪು ಅಥವಾ ಮೋಟಾರ್ ಸೈಕಲ್ ಇದ್ದರೆ ಅವರು ಅದನ್ನು ಜೋಪಾನ ಮಾಡುವುದು ಒಳ್ಳೆಯದು. 50 ವರ್ಷ ದಾಟಿದ, ಮೂಲರೂಪದಲ್ಲಿಯೇ ಇರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ 2021ರಲ್ಲಿ ಪ್ರತ್ಯೇಕ ವಿಂಟೇಜ್ ನಿಯಮಗಳು ಬಂದಿದ್ದು, ಈಗಾಗಲೇ ನೋಂದಣಿ ಇರುವವು ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಹೊಸದಾಗಿ ನೋಂದಣಿಯಾಗುವವಕ್ಕೆ ರಾಜ್ಯದ ಅಕ್ಷರಗಳ ಪಕ್ಕದಲ್ಲಿ ವಿಎ ಎಂಬ ಗುರುತು ಬರುತ್ತದೆ.

ರಾಜ್ಯದ ಎರಡಕ್ಷರವೂ ಕಲ್ಲಿನಲ್ಲಿ ಕೆತ್ತಿದ್ದಲ್ಲ. ಉತ್ತರಾಖಂಡದ ಯುಎ 2007ರಲ್ಲಿ ಯುಕೆ ಆಯಿತು, ಒಡಿಶಾದ ಓಆರ್ 2012ರಲ್ಲಿ ಓಡಿ ಆಯಿತು, ತೆಲಂಗಾಣದ ಟಿಎಸ್ 2024ರಲ್ಲಿ ಟಿಜಿ ಆಯಿತು. ಪ್ರತಿ ಬಾರಿಯೂ ಹೊಸ ವಾಹನಗಳಿಗೆ ಮಾತ್ರ ಹೊಸ ಅಕ್ಷರ. ಹಳೆಯವು ಹಳೆಯ ಅಕ್ಷರಗಳಲ್ಲಿಯೇ ಓಡಾಡಿಕೊಂಡಿವೆ. ನಿಮ್ಮ ಏಜೆಂಟರ ವಾದ ಸರಿಯಾಗಿದ್ದರೆ ಹೈದರಾಬಾದಿನ ಅರ್ಧ ಊರೇ ಆರ್‌ಟಿಒ ಮುಂದೆ ಸಾಲು ನಿಲ್ಲಬೇಕಾಗುತ್ತಿತ್ತು.

ನಮ್ಮ ಗಡಿ ಜಿಲ್ಲೆಗಳವರಿಗೆ ಹೆಚ್ಚು ಸಂಬಂಧಿಸಿದ್ದು ಆಂಧ್ರಪ್ರದೇಶದ ಬದಲಾವಣೆ. ಕೋಲಾರದ ಎಪಿಎಂಸಿ ಟೊಮೆಟೊ ಮಾರುಕಟ್ಟೆಯ ಹೊರಗೆ ಕ್ರೇಟುಗಳನ್ನು ಏರಿಸಿಕೊಳ್ಳುತ್ತಾ ನಿಂತ ವಾಹನಗಳ ಫಲಕಗಳನ್ನು ಓದುವುದು ಹಿಂದೆ ಸುಲಭವಾಗಿತ್ತು. ಎಪಿ-03 ಎಂದರೆ ಚಿತ್ತೂರು ಕಡೆಯದು, ಎಪಿ-02 ಎಂದರೆ ಅನಂತಪುರದ್ದು, ಟಿಎನ್-24 ಎಂದರೆ ಕೃಷ್ಣಗಿರಿಯದು, ಟಿಎನ್-70 ಎಂದರೆ ಹೊಸೂರಿನದು. 2019ರಲ್ಲಿ ಆಂಧ್ರವು ಹೊಸ ವಾಹನಗಳಿಗೆ ಜಿಲ್ಲಾವಾರು ಸಂಖ್ಯೆಗಳನ್ನು ಕೈಬಿಟ್ಟು ಇಡೀ ರಾಜ್ಯಕ್ಕೆ ಎಪಿ-39 ಎಂಬ ಒಂದೇ ಸಂಖ್ಯೆಯನ್ನು ಆರಂಭಿಸಿತು. ಅಲ್ಲಿಂದೀಚೆಗೆ ಪಲಮನೇರಿನ ಪಿಕಪ್ ಗಾಡಿಯನ್ನೂ ವಿಶಾಖಪಟ್ಟಣದ ಲಾರಿಯನ್ನೂ ಫಲಕ ನೋಡಿ ಬೇರ್ಪಡಿಸಲು ಬರುವುದಿಲ್ಲ. ಎಲ್ಲ ದಾಖಲೆಗಳೂ ದೇಶವ್ಯಾಪಿ ಕಂಪ್ಯೂಟರ್ ಜಾಲದಲ್ಲಿ ಇರುವಾಗ, ಪೊಲೀಸರು ಸಂಖ್ಯೆ ಒತ್ತಿದರೆ ಮಾಲೀಕರ ವಿಳಾಸ ಮೊಬೈಲ್ ಪರದೆಯ ಮೇಲೆ ಬರುವಾಗ, ಕಚೇರಿಯ ಸಂಖ್ಯೆಯನ್ನು ಫಲಕದ ಮೇಲೆ ಹೊತ್ತು ತಿರುಗುವ ಆಡಳಿತಾತ್ಮಕ ಅಗತ್ಯ ಕಡಿಮೆಯಾಗಿದೆ ಎಂಬುದು ನಿಜ. ಆದರೂ ಕಣ್ಣಿಗೆ ಕಾಣುವ ಸ್ಥಳೀಯ ಗುರುತನ್ನು ಪೂರ್ತಿ ಅಳಿಸುವುದು ನನಗೆ ಅಷ್ಟು ಸರಿಕಾಣುವುದಿಲ್ಲ. ಅಪಘಾತ ಮಾಡಿ ನಿಲ್ಲಿಸದೆ ಹೋದ ವಾಹನದ ಕೊನೆಯ ನಾಲ್ಕು ಅಂಕಿಗಳು ಯಾರಿಗೂ ನೆನಪಿರುವುದಿಲ್ಲ, ‘ಕೆಎ-64 ಗಾಡಿ’ ಎಂಬುದು ಮಾತ್ರ ನೆನಪಿರುತ್ತದೆ.

ಸಂಖ್ಯೆಯನ್ನು ನಿಜವಾಗಿಯೂ ಬದಲಾಯಿಸಬೇಕಾದ ಸಂದರ್ಭ ಒಂದಿದೆ, ಅದು ರಾಜ್ಯ ದಾಟಿದಾಗ. ಕಾಯ್ದೆಯ 47ನೇ ಕಲಮಿನ ಪ್ರಕಾರ ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಆ ರಾಜ್ಯದ ಹೊಸ ಸಂಖ್ಯೆಯನ್ನು ಪಡೆಯಬೇಕು. ಅದಕ್ಕೆ ಮೂಲ ಕಚೇರಿಯಿಂದ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ ತರಬೇಕು, ಇಲ್ಲಿ ತೆರಿಗೆ ಕಟ್ಟಬೇಕು, ಅಲ್ಲಿ ಕಟ್ಟಿದ್ದ ಜೀವಿತಾವಧಿ ತೆರಿಗೆಯ ಉಳಿಕೆಯನ್ನು ವಾಪಸು ಕೇಳಬೇಕು. ಬಾಗೇಪಲ್ಲಿ, ಗೌರಿಬಿದನೂರು, ಪಾವಗಡ, ಮುಳಬಾಗಿಲು ಕಡೆ ಗಡಿಯಾಚೆಯ ನೆಂಟರಿಂದ ಕಡಿಮೆ ಬೆಲೆಗೆ ಕಾರು ಕೊಂಡು ವರ್ಷಗಟ್ಟಲೆ ಎಪಿ ಸಂಖ್ಯೆಯಲ್ಲಿಯೇ ಓಡಿಸುವವರು ಈ ಕಲಮನ್ನು ಒಮ್ಮೆ ಓದಿಕೊಳ್ಳುವುದು ಕ್ಷೇಮ. ರಾಜ್ಯದೊಳಗೆ ಮನೆ ಬದಲಾಯಿಸಿದರೆ 30 ದಿನಗಳೊಳಗೆ ಹೊಸ ವಿಳಾಸವನ್ನು ಆರ್‌ಸಿಯಲ್ಲಿ ನಮೂದಿಸಬೇಕು ಎಂಬುದು 49ನೇ ಕಲಮು. ಅದರಲ್ಲಿ ಬದಲಾಗುವುದು ವಿಳಾಸ, ಸಂಖ್ಯೆಯಲ್ಲ. ಪ್ರಾಯಶಃ ನಿಮ್ಮ ಏಜೆಂಟರು ಈ ಎರಡು ಕಲಮುಗಳನ್ನು ಒಂದಕ್ಕೊಂದು ಬೆರೆಸಿದ್ದಾರೆ.

ರಾಜ್ಯದಿಂದ ರಾಜ್ಯಕ್ಕೆ ವರ್ಗವಾಗುವವರ ಈ ತಾಪತ್ರಯಕ್ಕೆಂದೇ 2021ರಲ್ಲಿ ಕೇಂದ್ರ ಸರ್ಕಾರ ಬಿಎಚ್ ಸರಣಿಯನ್ನು ತಂದಿತು. ಅದರಲ್ಲಿ ರಾಜ್ಯದ ಹೆಸರೇ ಇಲ್ಲ. ಮೊದಲು ನೋಂದಣಿಯ ವರ್ಷದ ಎರಡು ಅಂಕಿ, ಆಮೇಲೆ ಬಿಎಚ್, ಆಮೇಲೆ ನಾಲ್ಕು ಅಂಕಿ, ಕೊನೆಗೆ ಒಂದು ಅಥವಾ ಎರಡು ಅಕ್ಷರ. ರಕ್ಷಣಾ ಪಡೆಯವರು, ಕೇಂದ್ರ ಮತ್ತು ರಾಜ್ಯ ಸರ್ಕಾರಿ ನೌಕರರು, ಸಾರ್ವಜನಿಕ ಉದ್ದಿಮೆಗಳವರು, ಹಾಗೂ ನಾಲ್ಕು ಅಥವಾ ಹೆಚ್ಚಿನ ರಾಜ್ಯಗಳಲ್ಲಿ ಕಚೇರಿಯಿರುವ ಖಾಸಗಿ ಸಂಸ್ಥೆಗಳ ನೌಕರರು ತಮ್ಮ ಸ್ವಂತ ವಾಹನಕ್ಕೆ ಇದನ್ನು ಪಡೆಯಬಹುದು. ತೆರಿಗೆಯನ್ನು 15 ವರ್ಷಕ್ಕೆ ಒಟ್ಟಿಗೆ ಕಟ್ಟುವ ಬದಲು ಎರಡೆರಡು ವರ್ಷಕ್ಕೆ ಕಟ್ಟುತ್ತಾ ಹೋಗಬಹುದು. ಚಿಂತಾಮಣಿಯಲ್ಲಿಯೇ ನೆಲೆನಿಂತವರಿಗೆ ಇದರಿಂದ ವಿಶೇಷ ಲಾಭವಿಲ್ಲ.

ಫಲಕದ ಬಣ್ಣವೂ ಒಂದು ಗುರುತೇ. ಜನರ ಮಾತಿನಲ್ಲಿ ವೈಟ್ ಬೋರ್ಡ್, ಯೆಲ್ಲೋ ಬೋರ್ಡ್ ಎಂಬ ಎರಡೇ ಜಾತಿ. ಬಿಳಿಯದು ಸ್ವಂತಕ್ಕೆ, ಹಳದಿಯದು ಬಾಡಿಗೆಗೆ. ಬಾಡಿಗೆಗೆ ಪಡೆದು ತಾವೇ ಓಡಿಸುವ ಕಾರುಗಳಿಗೆ ಕಪ್ಪು ಹಿನ್ನೆಲೆಯಲ್ಲಿ ಹಳದಿ ಅಕ್ಷರ, ವಿದ್ಯುತ್ ವಾಹನಗಳಿಗೆ ಹಸಿರು ಹಿನ್ನೆಲೆ, ಅದರಲ್ಲಿ ಸ್ವಂತದವಕ್ಕೆ ಬಿಳಿ ಅಕ್ಷರ ಮತ್ತು ಬಾಡಿಗೆಯವಕ್ಕೆ ಹಳದಿ ಅಕ್ಷರ. ತಾತ್ಕಾಲಿಕ ನೋಂದಣಿಗೆ ಹಳದಿಯ ಮೇಲೆ ಕೆಂಪು, ಮಾರಾಟಗಾರರ ಬಳಿಯಿರುವ ವಾಹನಗಳಿಗೆ ಕೆಂಪಿನ ಮೇಲೆ ಬಿಳಿ. ರಾಯಭಾರ ಕಚೇರಿಗಳ ವಾಹನಗಳದು ನೀಲಿ ಫಲಕ; ಅದರಲ್ಲಿ ಸಿಡಿ ಅಥವಾ ಸಿಸಿ ಎಂಬ ಅಕ್ಷರಗಳ ಮುಂದಿರುವ ಅಂಕಿಗಳು ಯಾವ ದೇಶದ್ದೆಂದು ತಿಳಿಸುತ್ತವೆ, ರಾಜ್ಯದ ಗುರುತು ಅಲ್ಲಿ ಇರುವುದೇ ಇಲ್ಲ.

ಇನ್ನು ಐಎನ್‌ಡಿ ಎಂಬ ಅಕ್ಷರಗಳ ವಿಷಯ. 2019ರ ಏಪ್ರಿಲ್ 1ರಿಂದ ಮಾರಾಟವಾಗುವ ಎಲ್ಲ ಹೊಸ ವಾಹನಗಳಿಗೆ ಅತಿ ಸುರಕ್ಷಿತ ನೋಂದಣಿ ಫಲಕ, ಅಂದರೆ ಎಚ್‌ಎಸ್‌ಆರ್‌ಪಿ ಕಡ್ಡಾಯವಾಗಿದೆ. ನಿಮ್ಮ ತಮ್ಮನ ಬೈಕಿನ ಹತ್ತಿರ ಕುಳಿತು ಆ ಫಲಕವನ್ನು ಒಮ್ಮೆ ಗಮನವಿಟ್ಟು ನೋಡಿ. ಅಲ್ಯುಮಿನಿಯಂ ತಗಡಿನ ಎಡ ಮೇಲ್ಭಾಗದಲ್ಲಿ 20 ಮಿ.ಮೀ. ಅಗಲ, 20 ಮಿ.ಮೀ. ಎತ್ತರದ ಕ್ರೋಮಿಯಂ ಹೊಲೊಗ್ರಾಂ ಇದ್ದು, ಅದರಲ್ಲಿ ಅಶೋಕಚಕ್ರ ಹೊಳೆಯುತ್ತದೆ. ಅದರ ಕೆಳಗೆ ನೀಲಿಯಲ್ಲಿ ಐಎನ್‌ಡಿ. ಎಡ ಕೆಳಭಾಗದಲ್ಲಿ ಲೇಸರ್‌ನಿಂದ ಕೊರೆದ ಒಂದು ಕ್ರಮಸಂಖ್ಯೆ. ಇದು ವಾಹನದ ಸಂಖ್ಯೆಯಲ್ಲ, ಆ ತಗಡಿನದೇ ಸಂಖ್ಯೆ. ಉಬ್ಬಿದ ಅಕ್ಷರಗಳ ಕಪ್ಪು ಮೇಲ್ಮೈಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ಇಂಡಿಯಾ ಎಂಬ ಪದ 45 ಡಿಗ್ರಿ ಕೋನದಲ್ಲಿ ಸಾಲುಸಾಲಾಗಿ ಅಚ್ಚಾಗಿರುವುದು ಕಾಣುತ್ತದೆ. ಫಲಕವನ್ನು ಹಿಡಿದಿರುವುದು ಸಾಮಾನ್ಯ ಸ್ಕ್ರೂ ಅಲ್ಲ, ಸ್ನ್ಯಾಪ್ ಲಾಕ್. ಒಮ್ಮೆ ಕೂರಿಸಿದ ಮೇಲೆ ಮುರಿಯದೆ ಬಿಚ್ಚಲು ಬರುವುದಿಲ್ಲ. ಕಾರುಗಳಿಗೆ ಇದರ ಜೊತೆಗೆ ಮುಂಗಾಜಿನ ಒಳಬದಿಯಲ್ಲಿ ಒಂದು ಸ್ಟಿಕ್ಕರ್ ಕೂಡ ಇರುತ್ತದೆ. ಪೆಟ್ರೋಲ್ ಮತ್ತು ಸಿಎನ್‌ಜಿಗೆ ತಿಳಿನೀಲಿ, ಡೀಸೆಲ್‌ಗೆ ಕಿತ್ತಳೆ, ಉಳಿದವಕ್ಕೆ ಬೂದು. ಇಷ್ಟೆಲ್ಲವೂ ಕಳ್ಳ ಫಲಕ ಮಾಡುವವರ ಕೈ ಕಟ್ಟಿಹಾಕಲು ಮಾಡಿದ ವ್ಯವಸ್ಥೆ. ಅದರಲ್ಲಿರುವ ಐಎನ್‌ಡಿ ಕೂಡ ಮುಖ್ಯವಾಗಿ ಇದೇ ಉದ್ದೇಶದ್ದು, ಗಡಿಯಾಚೆಯ ಪೊಲೀಸರಿಗೆ ಓದಿಸುವುದಕ್ಕೆ ಮಾಡಿದ್ದಲ್ಲ.

ಗಡಿಯಾಚೆ ಓದಿಸುವ ಗುರುತಿಗೆ ಬೇರೆಯೇ ಒಂದು ಚರಿತ್ರೆಯಿದೆ. ಯುರೋಪಿನಲ್ಲಿ ಮೋಟಾರು ವಾಹನಗಳು ದೇಶದಿಂದ ದೇಶಕ್ಕೆ ಓಡಾಡಲು ಆರಂಭಿಸಿದಾಗ, 1909ರ ಪ್ಯಾರಿಸ್ ಒಪ್ಪಂದದಲ್ಲಿ, ಹೊರದೇಶಕ್ಕೆ ಹೋಗುವ ವಾಹನದ ಹಿಂದೆ ಅದರ ದೇಶವನ್ನು ಸೂಚಿಸುವ ಅಕ್ಷರಗಳು ಅಂಡಾಕಾರದ ಬಿಳಿ ಫಲಕದಲ್ಲಿ ಇರಬೇಕೆಂದು ಗೊತ್ತುಮಾಡಿದರು. 1949ರ ಜಿನೀವಾ ಒಪ್ಪಂದ ಮತ್ತು 1968ರ ವಿಯೆನ್ನಾ ಒಪ್ಪಂದ ಅದನ್ನೇ ಮುಂದುವರಿಸಿದವು. ಭಾರತ ಎರಡಕ್ಕೂ ಸೇರಿದೆ. ಅವುಗಳ ಪ್ರಕಾರ ಗುರುತು ಒಂದರಿಂದ ಮೂರು ದೊಡ್ಡ ರೋಮನ್ ಅಕ್ಷರಗಳದು, ಬಿಳಿಯ ಮೇಲೆ ಕಪ್ಪು, ಅಕ್ಷರದ ಎತ್ತರ ಕನಿಷ್ಠ 80 ಮಿ.ಮೀ., ಗೆರೆಯ ದಪ್ಪ ಕನಿಷ್ಠ 10 ಮಿ.ಮೀ.; ಮೂರು ಅಕ್ಷರಗಳಿದ್ದರೆ ಅಂಡಾಕಾರದ ಅಗಲ 240 ಮಿ.ಮೀ., ಎತ್ತರ 145 ಮಿ.ಮೀ. ಎಚ್‌ಎಸ್‌ಆರ್‌ಪಿಯ ನೀಲಿ ಐಎನ್‌ಡಿ ಈ ಅಳತೆಯ ಹತ್ತಿರಕ್ಕೂ ಬರುವುದಿಲ್ಲ. ಹಾಗಾಗಿ ನಿಮ್ಮ ಪ್ರಶ್ನೆಗೆ ನಿಯಮದ ಉತ್ತರ ಇಷ್ಟು: ಒಪ್ಪಂದದ ದೇಶಗಳಿಗೆ ಭಾರತದ ವಾಹನವನ್ನು ಒಯ್ಯುವಾಗ ಫಲಕದ ಮೇಲಿನ ಆ ಸಣ್ಣ ಅಕ್ಷರಗಳನ್ನು ನೆಚ್ಚಿಕೊಳ್ಳುವಂತಿಲ್ಲ, ಪ್ರತ್ಯೇಕವಾದ ಅಂಡಾಕಾರದ ಐಎನ್‌ಡಿ ಗುರುತು ಹಿಂಬದಿಯಲ್ಲಿರಬೇಕು.

ಈ ದೇಶಸೂಚಕ ಅಕ್ಷರಗಳು ನಾವು ಬೇರೆಡೆ ಕಾಣುವ ಸಂಕೇತಗಳೊಂದಿಗೆ ಹೊಂದಿಕೆಯಾಗಬೇಕೆಂದಿಲ್ಲ. ಭಾರತವೇ ಅಂತರ್ಜಾಲದ ವಿಳಾಸದಲ್ಲಿ ಐಎನ್, ವಿಮಾನಗಳ ಮೇಲೆ ವಿಟಿ, ವಾಹನಗಳ ಮೇಲೆ ಐಎನ್‌ಡಿ. ಸ್ವಾತಂತ್ರ್ಯಕ್ಕೆ ಮೊದಲು ಬ್ರಿಟಿಷ್ ಇಂಡಿಯಾದ ಗುರುತು ಬಿಐ ಆಗಿತ್ತು. ಶ್ರೀಲಂಕಾ ತನ್ನ ಹೆಸರನ್ನು ಬದಲಾಯಿಸಿ ಅರ್ಧ ಶತಮಾನ ಕಳೆದರೂ ವಾಹನಗಳ ಗುರುತು ಮಾತ್ರ ಸಿಲೋನಿನ ಸಿಎಲ್ ಆಗಿಯೇ ಇದೆ. ಜರ್ಮನಿಗೆ ಡಿ, ಸ್ಪೇನಿಗೆ ಇ, ಸ್ವಿಟ್ಜರ್ಲೆಂಡಿಗೆ ಸಿಎಚ್, ನೇಪಾಳಕ್ಕೆ ಎನ್‌ಇಪಿ. ಬ್ರಿಟನ್ 2021ರ ಸೆಪ್ಟೆಂಬರ್ 28ರಂದು ತನ್ನ ಹಳೆಯ ಜಿಬಿಯನ್ನು ಬಿಟ್ಟು ಯುಕೆ ಎಂಬುದನ್ನು ತೆಗೆದುಕೊಂಡಿತು. ಹೀಗಾಗಿ ಡೆಹ್ರಾಡೂನಿನ ಕಾರಿನ ಮೇಲೂ ಲಂಡನ್ನಿನ ಕಾರಿನ ಮೇಲೂ ಈಗ ಅವೇ ಎರಡು ಅಕ್ಷರಗಳಿವೆ. ಒಂದು ರಾಜ್ಯದ ಗುರುತು, ಇನ್ನೊಂದು ದೇಶದ ಗುರುತು. ಎರಡರ ಜಾಗ ಬೇರೆ, ಓದುವವರು ಬೇರೆ, ಆದ್ದರಿಂದ ತೊಡಕಾಗುವುದಿಲ್ಲ.

ಯುರೋಪಿನ ಒಕ್ಕೂಟದಲ್ಲಿ 1998ರ ನಿಯಮದ ಅನಂತರ ಅಂಡಾಕಾರದ ಸ್ಟಿಕ್ಕರಿನ ಬಳಕೆ ಬಹಳ ಕಡಿಮೆಯಾಗಿದೆ. ಅಲ್ಲಿ ಸಂಖ್ಯಾಫಲಕದ ಎಡ ತುದಿಯಲ್ಲಿಯೇ ನೀಲಿ ಪಟ್ಟಿ, ಅದರಲ್ಲಿ ಹನ್ನೆರಡು ನಕ್ಷತ್ರಗಳ ವರ್ತುಲ, ಕೆಳಗೆ ದೇಶದ ಅಕ್ಷರ. ಸದಸ್ಯ ದೇಶಗಳೊಳಗೆ ಅಷ್ಟೇ ಸಾಕು. ಆದರೆ ಕೆಎ-07 ಮತ್ತು ಕೆಎ-67ರ ಬಗ್ಗೆ ಕೇಳಿರುವ ನಿಮಗೆ ಅಲ್ಲಿನ ಸ್ಥಳೀಯ ಗುರುತುಗಳ ಕಥೆ ಹೆಚ್ಚು ರುಚಿಸಬಹುದು. ಜರ್ಮನಿಯಲ್ಲಿ 1956ರಿಂದ ಫಲಕದ ಮೊದಲಲ್ಲಿ ಊರಿನ ಅಥವಾ ಜಿಲ್ಲೆಯ ಅಕ್ಷರಗಳಿವೆ: ಬರ್ಲಿನ್‌ಗೆ ಬಿ, ಮ್ಯೂನಿಕ್‌ಗೆ ಎಂ, ಹ್ಯಾಂಬರ್ಗ್‌ಗೆ ಎಚ್‌ಎಚ್. ಸಾಮಾನ್ಯವಾಗಿ ದೊಡ್ಡ ಊರಿಗೆ ಒಂದೋ ಎರಡೋ ಅಕ್ಷರ, ಸಣ್ಣದಕ್ಕೆ ಮೂರು. ಜಿಲ್ಲೆಗಳನ್ನು ವಿಲೀನಗೊಳಿಸಿದಾಗ ಅನೇಕ ಸಣ್ಣ ಜಿಲ್ಲೆಗಳ ಅಕ್ಷರಗಳು ರದ್ದಾದವು. ತಮ್ಮ ಊರಿನ ಅಕ್ಷರ ಹೋಯಿತೆಂಬ ಬೇಸರ ಜನರಲ್ಲಿ ಎಷ್ಟು ಗಟ್ಟಿಯಾಗಿ ಉಳಿಯಿತೆಂದರೆ, 2012ರಲ್ಲಿ ನಿಯಮವನ್ನು ಸಡಿಲಿಸಿ ಹಳೆಯ ಅಕ್ಷರಗಳನ್ನು ಮತ್ತೆ ಪಡೆಯಲು ಅವಕಾಶ ಕೊಡಬೇಕಾಯಿತು. ಫ್ರಾನ್ಸ್ ಇನ್ನೊಂದು ದಾರಿ ಹಿಡಿಯಿತು. 2009ರಿಂದ ಅಲ್ಲಿನ ನೋಂದಣಿ ಸಂಖ್ಯೆಗೆ ಜಿಲ್ಲೆಯ ಸಂಬಂಧವೇ ಇಲ್ಲ, ಅದು ವಾಹನದ ಆಯುಷ್ಯವಿಡೀ ಒಂದೇ. ಆದರೆ ಫಲಕದ ಬಲ ತುದಿಯ ನೀಲಿ ಪಟ್ಟಿಯಲ್ಲಿ ಒಂದು ಜಿಲ್ಲೆಯ ಸಂಖ್ಯೆ ಮತ್ತು ಆ ಪ್ರಾಂತದ ಲಾಂಛನ ಇರಬೇಕು, ಮತ್ತು ಅದು ಯಾವ ಜಿಲ್ಲೆ ಎಂಬುದನ್ನು ಮಾಲೀಕರೇ ಆರಿಸಿಕೊಳ್ಳಬಹುದು. ಪ್ಯಾರಿಸ್ಸಿನಲ್ಲಿ ವಾಸಿಸುವವರು ತಮ್ಮ ಹುಟ್ಟೂರಿನ ಸಂಖ್ಯೆಯನ್ನು ಹಾಕಿಸಿಕೊಳ್ಳಲು ಅಡ್ಡಿಯಿಲ್ಲ. ಸರ್ಕಾರಕ್ಕೆ ಬೇಕಾದ ಗುರುತನ್ನೂ ಜನರಿಗೆ ಬೇಕಾದ ಗುರುತನ್ನೂ ಹೀಗೆ ಬಿಡಿಸಿಟ್ಟಿದ್ದು, ನನಗೆ ತಿಳಿದಿರುವ ಪದ್ಧತಿಗಳಲ್ಲೆಲ್ಲ ಹೆಚ್ಚು ಬುದ್ಧಿವಂತಿಕೆಯ ಏರ್ಪಾಡು. ನಮ್ಮಲ್ಲಿ ಇದು ಬಂದರೆ ಬೆಂಗಳೂರಿನ ರಸ್ತೆಗಳಲ್ಲಿ 06 ಮತ್ತು 07ರ ಪಟ್ಟಿಗಳೇ ಹೆಚ್ಚಾಗಿ ಕಂಡರೆ ಆಶ್ಚರ್ಯವಿಲ್ಲ.

ಕನ್ನಡ ಅಂಕಿಗಳ ಪ್ರಶ್ನೆಗೆ ಉತ್ತರ ಹಲವರಿಗೆ ಇಷ್ಟವಾಗಲಾರದು. ಕೇಂದ್ರ ಮೋಟಾರು ವಾಹನ ನಿಯಮಾವಳಿಯ 50ನೇ ನಿಯಮವು ನೋಂದಣಿ ಸಂಖ್ಯೆಯ ಅಕ್ಷರಗಳು ಇಂಗ್ಲಿಷಿನಲ್ಲಿಯೂ ಅಂಕಿಗಳು ನಾವು ದಿನನಿತ್ಯ ಬಳಸುವ 1, 2, 3 ರೂಪದಲ್ಲಿಯೂ ಇರಬೇಕೆಂದು ಹೇಳುತ್ತದೆ. ಅಂತರರಾಷ್ಟ್ರೀಯ ಒಪ್ಪಂದಗಳು ಕೇಳುವುದೂ ಅದನ್ನೇ. ಕನ್ನಡ ಅಂಕಿಗಳ ಫಲಕವನ್ನು ಇಲ್ಲಿನ ಪೊಲೀಸರು ಓದಿಯಾರು. ಕುಪ್ಪಂ ಅಥವಾ ಹೊಸೂರಿನಲ್ಲಿ ಅದೇ ವಾಹನ ಅಪಘಾತಕ್ಕೆ ಸಿಲುಕಿದರೆ ಸಹಾಯಕ್ಕೆ ಬಂದವರಿಗೆ ಅದನ್ನು ಓದಲಾಗುವುದಿಲ್ಲ, ಟೋಲ್‌ಗೇಟಿನ ಕ್ಯಾಮೆರಾಕ್ಕೂ ಆಗುವುದಿಲ್ಲ. ಎಚ್‌ಎಸ್‌ಆರ್‌ಪಿ ಬಂದ ಮೇಲಂತೂ ಫಲಕವನ್ನು ಪೇಂಟರ್ ಬಳಿ ಬರೆಸುವ ಕಾಲವೇ ಹೋಯಿತು. ಅದೇ ನಿಯಮಗಳ ಆಶಯದಂತೆ ಫಲಕದ ಮೇಲೆ ಊರಿನ ಹೆಸರು, ಹುದ್ದೆ, ಸಂಘದ ಲಾಂಛನ, ದೇವರ ಚಿತ್ರ ಯಾವುದೂ ಇರಕೂಡದು. ಕನ್ನಡದ ಅಭಿಮಾನಕ್ಕೆ ಹಿಂಗಾಜಿದೆ, ಬಾಗಿಲುಗಳಿವೆ, ಲಾರಿಯಾದರೆ ಇಡೀ ಹಿಂಬದಿಯ ಹಲಗೆಯೇ ಇದೆ.

ಇನ್ನು ನೇಪಾಳ ಯಾತ್ರೆಯ ವ್ಯವಹಾರ. ನೇಪಾಳದ ಗಡಿಯಲ್ಲಿ ಕೆಲಸ ಸಾಗುವುದು ಕಾಗದಪತ್ರಗಳ ಮೇಲೆಯೇ ಹೊರತು ಸ್ಟಿಕ್ಕರಿನ ಮೇಲೆ ಅಲ್ಲ. ಗೋರಖಪುರದ ಕಡೆಯಿಂದ ಸುನೌಲಿ, ಬಿಹಾರದ ಕಡೆಯಿಂದ ರಕ್ಸೌಲ್ ಹೆಚ್ಚು ಬಳಕೆಯ ದಾರಿಗಳು. ಗಡಿ ದಾಟಿದ ಕೂಡಲೇ ಅಲ್ಲಿನ ಸುಂಕದ ಕಚೇರಿಯಲ್ಲಿ, ಅಂದರೆ ಜನರು ಭನ್ಸಾರ್ ಎನ್ನುವಲ್ಲಿ, ಎಷ್ಟು ದಿನ ಇರುತ್ತೀರೋ ಅಷ್ಟು ದಿನಗಳ ಶುಲ್ಕ ಕಟ್ಟಿ ವಾಹನಕ್ಕೆ ಪರವಾನಗಿ ಪಡೆಯಬೇಕು. ಆರ್‌ಸಿ, ಚಾಲನಾ ಪರವಾನಗಿ, ಎಮಿಷನ್ ಪ್ರಮಾಣಪತ್ರ, ನಿಮ್ಮ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿಯ ಮೂಲಪ್ರತಿಗಳು ಕೈಯಲ್ಲಿರಲಿ. ವಾಹನ ನಿಮ್ಮ ಹೆಸರಿನಲ್ಲಿಯೇ ಇದ್ದರೆ ಅರ್ಧ ತಲೆನೋವು ಕಡಿಮೆ. ಬಹಳ ಜನ ಮರೆಯುವುದು ವಿಮೆಯನ್ನು. ನಮ್ಮ ಸಾಮಾನ್ಯ ಕಾರು ವಿಮೆಯ ಭೌಗೋಳಿಕ ವ್ಯಾಪ್ತಿ ಭಾರತ ಮಾತ್ರ. ಹೆಚ್ಚುವರಿ ಪ್ರೀಮಿಯಂ ಕಟ್ಟಿದರೆ ಅದನ್ನು ನೇಪಾಳ, ಭೂತಾನ್, ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾ ಮತ್ತು ಮಾಲ್ಡೀವ್ಸ್‌ಗೆ ವಿಸ್ತರಿಸಿಕೊಡುವ ಷರತ್ತು ಪಾಲಿಸಿಗಳಲ್ಲಿ ಇದೆ. ಹೊರಡುವ ಮೊದಲೇ ವಿಮಾ ಕಚೇರಿಗೆ ಪತ್ರ ಕೊಟ್ಟು ಈ ವಿಸ್ತರಣೆಯನ್ನು ಪಾಲಿಸಿಯಲ್ಲಿ ಬರೆಸಿಕೊಳ್ಳಿ. ಬಾಯಿಮಾತಿನ ಭರವಸೆ ಸಾಲದು. ಅಲ್ಲಿಗೆ ಹೋದಾಗ ಕೆಂಪು ಫಲಕದ ವಾಹನಗಳು ಎಲ್ಲೆಡೆ ಕಾಣುತ್ತವೆ. ನಮ್ಮಲ್ಲಿ ಆ ಬಣ್ಣ ಮಾರಾಟಗಾರರದಾದರೆ ನೇಪಾಳದಲ್ಲಿ ಅದು ಸ್ವಂತ ವಾಹನದ ಬಣ್ಣ, ಬಾಡಿಗೆಯವಕ್ಕೆ ಕಪ್ಪು. ಐಎನ್‌ಡಿ ಸ್ಟಿಕ್ಕರನ್ನು ಅಂಟಿಸುವುದಾದರೆ ಮೇಲೆ ಹೇಳಿದ ಅಳತೆಯಲ್ಲಿ ಮಾಡಿಸಿ, ಹಿಂಬದಿಯಲ್ಲಿ ಸಂಖ್ಯಾಫಲಕದಿಂದ ಬೇರೆಯಾಗಿ, ದೀಪಗಳನ್ನು ಮುಚ್ಚದಂತೆ ಹಾಕಿ. ಖರ್ಚು ಅಲ್ಪ, ತೊಂದರೆಯೇನೂ ಇಲ್ಲ. ಮುಂದೊಂದು ದಿನ ಸ್ವಂತ ಕಾರಿನಲ್ಲಿಯೇ ಯುರೋಪಿನವರೆಗೆ ಹೋಗುವ ಉತ್ಸಾಹ ಬಂದರೆ ಮಾತ್ರ ಅದು ಐಚ್ಛಿಕವಾಗಿ ಉಳಿಯುವುದಿಲ್ಲ. ಆಗ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮತ್ತು ವಾಹನಕ್ಕೆ ಕಾರ್ನೆ ಎಂಬ ಸುಂಕದ ದಾಖಲೆಯೂ ಬೇಕಾಗುತ್ತವೆ.

ತಂದೆಯವರ ಸ್ಕೂಟರಿನ ಬಗ್ಗೆ ಎರಡು ಮಾತು ಉಳಿದಿದೆ. 2019ರ ಏಪ್ರಿಲ್‌ಗೆ ಮೊದಲಿನ ವಾಹನಗಳಿಗೂ ಎಚ್‌ಎಸ್‌ಆರ್‌ಪಿ ಹಾಕಿಸಬೇಕೆಂದು ಕರ್ನಾಟಕ ಸರ್ಕಾರ 2023ರ ಆಗಸ್ಟ್‌ನಲ್ಲಿ ಅಧಿಸೂಚನೆ ಹೊರಡಿಸಿದೆ. ನಿಮ್ಮ ಕಾರು ಆ ದಿನಾಂಕಕ್ಕೆ ಮೊದಲಿನದಾದರೆ ಅದಕ್ಕೂ ಇದು ಅನ್ವಯಿಸುತ್ತದೆ. ಸಾರಿಗೆ ಇಲಾಖೆಯ ಜಾಲತಾಣದ ಮೂಲಕವೇ ಬುಕ್ ಮಾಡಿ, ಹಣವನ್ನು ಆನ್‌ಲೈನಿನಲ್ಲಿಯೇ ಕಟ್ಟಿ, ವಾಹನ ತಯಾರಕರ ಅಧಿಕೃತ ಡೀಲರ್ ಬಳಿ ಫಲಕ ಹಾಕಿಸಿಕೊಳ್ಳಿ. ಇದೇ ಹೆಸರಿನಲ್ಲಿ ನಕಲಿ ಜಾಲತಾಣಗಳೂ ಇವೆ. ಸ್ಕೂಟರಿಗೆ 15 ವರ್ಷ ತುಂಬಿದ್ದರೆ ನೋಂದಣಿಯನ್ನು ನವೀಕರಿಸಬೇಕು, ನವೀಕರಣ ಒಮ್ಮೆಗೆ ಐದು ವರ್ಷಗಳಿಗೆ ಸಿಗುತ್ತದೆ. ಅದನ್ನು ಈಗ ಚಿಂತಾಮಣಿಯ ಕಚೇರಿಯಲ್ಲಿಯೇ ಮಾಡಿಸಬಹುದು, ವಾಹನವನ್ನು ತಪಾಸಣೆಗೆ ಒಯ್ಯಬೇಕಾಗುತ್ತದೆ. ಹೊಸ ತಗಡಿನ ಮೇಲೂ ಕೆಎ-07 ಎಂದೇ ಅಚ್ಚಾಗಿ ಬರುತ್ತದೆ.